ಆ ಒಂಬತ್ತು ಡಾಲರ್ ಏಳು ಸೆಂಟ್

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಚಿಕಾನೋ, ಅಂದರೆ ಮೆಕ್ಸಿಕೋ ಮೂಲದವರ, ಕಾದಂಬರಿಗಳ ಬಗ್ಗೆ ಲೇಖನ ಬಂದಿತ್ತು. ಮರುವಾರವೇ ಓದುಗರೊಬ್ಬರು, "ಮೆಕ್ಸಿಕೋದವರ ಗೋಳು ಕೊಡಗಿನವರಿಗೆ ಯಾಕೆ? ಮಡಿಕೇರಿ ರಸ್ತೆಯ ಗುಂಡಿ ಬಗ್ಗೆ ಬರೆಯಿರಿ" ಎಂದು ನಿಮಗೆ ಪತ್ರ ಬರೆದಿದ್ದಾರೆ. ಗುಂಡಿಯ ವಿಷಯಕ್ಕೆ ನನ್ನದೂ ಒಂದು ಸಹಿ ಹಾಕಿಕೊಳ್ಳಿ. ಆದರೆ ಆ ಕಥೆಗಳು ನಮಗೆ ಬೇಡ ಎನ್ನುವ ಮಾತು ಒಪ್ಪಲು ಆಗಲಿಲ್ಲ. ಹಾಗಂತ ಲೇಖನವನ್ನೂ ಪೂರ್ತಿ ಒಪ್ಪಿಲ್ಲ. ಎರಡು ತಕರಾರನ್ನೂ ಒಂದೇ ಪತ್ರದಲ್ಲಿ ಬರೆದುಬಿಡುತ್ತೇನೆ. ಉದ್ದವಾದರೆ ಎಲ್ಲಿ ಬೇಕಾದರೂ ಕತ್ತರಿಸಿ, ಆಸ್ಪತ್ರೆಯ ಭಾಗ ಮಾತ್ರ ಬಿಡಿ.

ನಾನು ಸಿದ್ದಾಪುರದಲ್ಲಿ ಮೆಡಿಕಲ್ ಶಾಪ್ ನಡೆಸುವವಳು. ಓದಿದ್ದು ಡಿ.ಫಾರ್ಮಾ. ಸಾಹಿತ್ಯದ ಪಾಠ ಕೇಳಿದವಳಲ್ಲ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿದ್ದ ಅಣ್ಣನ ಮಗಳು ರಜೆಗೆ ಬಂದವಳು ಒಂದಿಷ್ಟು ಪುಸ್ತಕ ಇಲ್ಲೇ ಬಿಟ್ಟು ಹೋದಳು. ಮಧ್ಯಾಹ್ನ ಗಿರಾಕಿ ಕಮ್ಮಿ ಇರುವ ಹೊತ್ತಿನಲ್ಲಿ ಅವನ್ನು ಓದಿದೆ. ನಡುನಡುವೆ ಸ್ಪ್ಯಾನಿಷ್ ಮಾತುಗಳು ಬರುತ್ತವೆ. ಅವು ನನ್ನನ್ನೇನೂ ತಡೆಯಲಿಲ್ಲ. ನಮ್ಮ ಸಂತೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತಮಿಳು, ಈಗ ಅಸ್ಸಾಮಿ, ಬಂಗಾಳಿ ಎಲ್ಲ ಒಟ್ಟಿಗೇ ಕಿವಿಗೆ ಬಿದ್ದರೂ ವ್ಯಾಪಾರ ನಡೆಯುತ್ತದಲ್ವಾ, ಹಾಗೇ ಓದಿಕೊಂಡು ಹೋದೆ.

ಲೇಖನ ನೋಡದವರಿಗಾಗಿ ಎರಡು ಮಾತು. ಮೆಕ್ಸಿಕೋ ಮೂಲದ ಅಮೆರಿಕದವರನ್ನು ಚಿಕಾನೋ ಎನ್ನುತ್ತಾರೆ, ಹೆಂಗಸರಾದರೆ ಚಿಕಾನಾ. ಇವರೆಲ್ಲ ಗಡಿ ದಾಟಿ ಬಂದವರಲ್ಲ. ಎರಡೂ ದೇಶಗಳ ನಡುವಿನ ಯುದ್ಧ ಮುಗಿದು 1848ರಲ್ಲಿ ಗ್ವಾದಲೂಪೆ ಇದಾಲ್ಗೋ ಒಪ್ಪಂದ ಆದಾಗ, ಟೆಕ್ಸಾಸನ್ನೂ ಸೇರಿಸಿ ಮೆಕ್ಸಿಕೋದ ಅರ್ಧದಷ್ಟು ನೆಲ ಅಮೆರಿಕದ ಪಾಲಾಯಿತು. ಅಲ್ಲಿದ್ದ ಜನ ತಮ್ಮ ಜಗುಲಿಯಲ್ಲಿ ಕೂತಿದ್ದ ಹಾಗೇ ಬೇರೆ ದೇಶದವರಾದರು. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು ಎಂದು ಅವರು ಇವತ್ತಿಗೂ ಹೇಳುತ್ತಾರೆ. ನಾಗರಹೊಳೆ ಕಾಡಿನಿಂದ ಹೊರಬಿದ್ದು ತೋಟಗಳ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ, ಸೇರಿದ ಯರವ, ಜೇನುಕುರುಬ ಆದಿವಾಸಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಈ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ "ಇವರೆಲ್ಲ ಎಲ್ಲಿಂದಲೋ ಬಂದು ಸೇರಿಕೊಂಡವರು" ಎಂದು ನನ್ನ ಅಂಗಡಿಯ ಮುಂದೆಯೇ ಮಾತಾಡಿದವರಿದ್ದರು. ಎಲ್ಲಿಂದ ಬಂದವರಂತೆ? ಅವರಿಗಿಂತ ಹಳಬರು ಈ ಕಾಡಿನಲ್ಲಿ ಯಾರಿದ್ದಾರೆ?

ಇನ್ನು ಲೇಖನದ ಮೇಲಿನ ತಕರಾರು. ಲೇಖಕರು ಗುಂಡು, ಲಾಠಿ, ನೇಣು ಎಲ್ಲವನ್ನೂ ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯಲ್ಲಿ ಸುಳ್ಳೇನೂ ಇಲ್ಲ. 1918ರ ಜನವರಿಯಲ್ಲಿ ಟೆಕ್ಸಾಸಿನ ಪೊರ್ವೆನೀರ್ ಎಂಬ ಹಳ್ಳಿಯಲ್ಲಿ ಆ ರಾಜ್ಯದ ರೇಂಜರ್ ಎಂಬ ಪೊಲೀಸ್ ಪಡೆಯವರು 15 ಮಂದಿ ಗಂಡಸರನ್ನು, ಹುಡುಗರನ್ನು ರಾತ್ರಿ ಹಿಡಿದೊಯ್ದು ಕೊಂದರು. 1943ರಲ್ಲಿ ಲಾಸ್ ಏಂಜಲೀಸಿನ ಬೀದಿಗಳಲ್ಲಿ ನೌಕಾಪಡೆಯವರು ಮೆಕ್ಸಿಕನ್ ಹುಡುಗರ ಬಟ್ಟೆ ಕಿತ್ತು ಹೊಡೆದರು. ಆದರೆ ಲೇಖನ ಓದಿ ಮುಗಿಸಿದವರಿಗೆ, ಚಿಕಾನೋ ಕಥೆ ಎಂದರೆ ಬಂದೂಕು ಹಿಡಿದ ಕೆಟ್ಟ ಬಿಳಿಯ, ಅಳುವ ಬಡವ, ಇಷ್ಟೇ ಅನ್ನಿಸಿಬಿಡುತ್ತದೆ. ನಾನು ಓದಿದ ಪುಸ್ತಕಗಳಲ್ಲಿ ಅಂಥ ಕೆಟ್ಟವರು ತೀರಾ ಕಮ್ಮಿ. ಅಲ್ಲಿ ಜನರನ್ನು ಕೊಲ್ಲುವುದು ನೀರಿನ ಬಕೆಟ್ಟು, ಆಸ್ಪತ್ರೆಯ ಫೀಸು, ಮೋಟು ಹಿಡಿಯ ಗುದ್ದಲಿ, ಎಲ್ಲೋ ಮರೆತುಬಂದ ಒಂದು ಕಾಗದ. ಇವನ್ನೆಲ್ಲ ಕೊಡುವ, ಕೇಳುವ, ಬರೆದುಕೊಳ್ಳುವ ಮನುಷ್ಯರು ನನ್ನ ನಿಮ್ಮ ಥರದವರೇ.

ಹೆಲೆನಾ ಮರಿಯಾ ವಿರಾಮೊಂಟೆಸ್ ಅವರ 'ಅಂಡರ್ ದ ಫೀಟ್ ಆಫ್ ಜೀಸಸ್' ಬಂದದ್ದು 1995ರಲ್ಲಿ. ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಲ್ಲಿ ಕೆಲಸ ಹುಡುಕಿಕೊಂಡು ಊರೂರು ಅಲೆಯುವ ಒಂದು ಸಂಸಾರ. ಎಸ್ತ್ರೆಯಾ ಎಂಬ 13 ವರ್ಷದ ಹುಡುಗಿ, ಅವಳ ತಾಯಿ ಪೆತ್ರಾ, ಸಣ್ಣ ಮಕ್ಕಳು, ಜೊತೆಯಲ್ಲಿ ಪೆರ್ಫೆಕ್ತೋ ಎನ್ನುವ ಎಪ್ಪತ್ತು ದಾಟಿದ ಮುದುಕ. ಅಲೆಹೋ ಎಂಬ ಹುಡುಗ ಕದ್ದು ಪೀಚ್ ಹಣ್ಣು ಕೀಳಲು ಮರ ಹತ್ತಿರುತ್ತಾನೆ. ಆಗ ಮೇಲಿಂದ ವಿಮಾನ ಬಂದು ತೋಟಕ್ಕೆ ಹುಳದ ಮದ್ದು ಸುರಿದು ಹೋಗುತ್ತದೆ. ವಿಮಾನ ಓಡಿಸುವವನು ಅವನನ್ನು ನೋಡಿಯೂ ಇರುವುದಿಲ್ಲ. ಹುಡುಗ ದಿನದಿಂದ ದಿನಕ್ಕೆ ಸೊರಗುತ್ತಾನೆ, ನಿಲ್ಲಲೂ ಆಗುವುದಿಲ್ಲ. ಕೊನೆಗೆ ಅವನನ್ನು ಹಳೇ ಕಾರಿನಲ್ಲಿ ಮಲಗಿಸಿಕೊಂಡು ಒಂದು ಸಣ್ಣ ಕ್ಲಿನಿಕ್ಕಿಗೆ ತರುತ್ತಾರೆ. ಅಲ್ಲಿ ಡಾಕ್ಟರ್ ಇಲ್ಲ, ಒಬ್ಬ ನರ್ಸ್ ಇದ್ದಾಳೆ. ಅವಳಿಗೆ ಬೇಗ ಬಾಗಿಲು ಹಾಕಿ ಮನೆಗೆ ಹೋಗಬೇಕು. ಹುಡುಗನನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ. ಇವನನ್ನು ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಎನ್ನುತ್ತಾಳೆ. ಅಷ್ಟು ಹೇಳಿದ್ದಕ್ಕೆ ಫೀಸು 15 ಡಾಲರ್. ಇವರ ಅವತಾರ ನೋಡಿ 10ಕ್ಕೆ ಇಳಿಸುತ್ತಾಳೆ. ಮುದುಕ ನಿಮ್ಮ ಟಾಯ್ಲೆಟ್ ರಿಪೇರಿ ಮಾಡಿಕೊಡುತ್ತೇನೆ, ದುಡ್ಡು ಬಿಡಿ ಎಂದು ಕೇಳುತ್ತಾನೆ. ಅದಕ್ಕೆ ಒಪ್ಪುವುದಿಲ್ಲ. ಎಲ್ಲರ ಜೇಬು ಕೊಡವಿದರೆ ಸಿಗುವುದು 9 ಡಾಲರ್ 7 ಸೆಂಟ್. ಅದನ್ನು ಅವಳು ತೆಗೆದುಕೊಳ್ಳುತ್ತಾಳೆ. ಕಾರಿಗೆ ಪೆಟ್ರೋಲ್ ಹಾಕಿಸಲು ಇದ್ದದ್ದೂ ಅದೇ ದುಡ್ಡು. ಅದಿಲ್ಲದೆ ದೊಡ್ಡಾಸ್ಪತ್ರೆಗೆ ಹೋಗುವುದು ಹೇಗೆ? ಎಸ್ತ್ರೆಯಾ ಹೊರಗೆ ಹೋಗಿ ಕಾರಿನಿಂದ ಹಾರೆ ತಂದು ನರ್ಸಿನ ಮೇಜಿನ ಮೇಲೆ ಬೀಸುತ್ತಾಳೆ. ದುಡ್ಡು ವಾಪಸ್ ಬರುತ್ತದೆ.

ನಿಮ್ಮ ಲೇಖನದಲ್ಲಿ ಈ ಭಾಗಕ್ಕೆ ಒಂದು ಸಾಲೂ ಇಲ್ಲ. ನಾನು ಇಡೀ ಪುಸ್ತಕದಲ್ಲಿ ಮತ್ತೆ ಮತ್ತೆ ತೆಗೆದು ಓದಿದ್ದು ಇದನ್ನೇ. ಯಾಕೆಂದರೆ ನಾನು ನಿಲ್ಲುವುದು ಆ ನರ್ಸಿನ ಕಡೆ. ಕೌಂಟರಿನ ಒಳಗೆ. ಅವಳು ಕೆಟ್ಟವಳೇನಲ್ಲ. ಐದು ಡಾಲರ್ ಬಿಟ್ಟಿದ್ದಾಳೆ. ಹುಡುಗನನ್ನು ಬೈಯಲಿಲ್ಲ. ಆಸ್ಪತ್ರೆಗೆ ಹೋಗಿ ಎಂದು ಸರಿಯಾದ ಸಲಹೆಯನ್ನೇ ಕೊಟ್ಟಿದ್ದಾಳೆ. ನಿಯಮದ ಪ್ರಕಾರ ಅವಳದು ಒಂದೂ ತಪ್ಪಿಲ್ಲ. ಆ ಸಂಸಾರ ಮಾತ್ರ ಅವಳ ಬಾಗಿಲಿಗೆ ಬರುವಾಗ ಇದ್ದದ್ದಕ್ಕಿಂತ ಕಷ್ಟದಲ್ಲಿ ಹೊರಗೆ ಹೋಗುತ್ತಿತ್ತು.

ನನ್ನ ಅಂಗಡಿಗೂ ಮದ್ದು ಹೊಡೆದವರು ಬರುತ್ತಾರೆ. ವಿಮಾನದಿಂದ ಸುರಿಯುವವರು ಇಲ್ಲಿಲ್ಲ, ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಹೊಡೆಯುತ್ತಾರೆ. ಮಳೆಗೆ ಮುಂಚೆ ಮೆಣಸಿಗೆ, ಕಾಫಿಗೆ ಬೋರ್ಡೋ. ಅದು ಮೈಲುತುತ್ತ, ಸುಣ್ಣ, ಕಣ್ಣಿಗೆ ಬಿದ್ದರೆ ಉರಿ. ಕಳೆಗೆ ಒಂದು ಮದ್ದು, ಹುಳಕ್ಕೆ ಇನ್ನೊಂದು. ಕ್ಯಾನ್ ಸೋರಿ ಶರ್ಟಿನ ಬೆನ್ನು ಒದ್ದೆಯಾಗಿರುತ್ತದೆ. ಅದೇ ಶರ್ಟಿನಲ್ಲಿ ಬಂದು "ಅಕ್ಕಾ, ತಲೆ ತಿರುಗುತ್ತದೆ, ಒಂದು ಮಾತ್ರೆ ಕೊಡಿ" ಎನ್ನುತ್ತಾರೆ. ಯಾವ ಮದ್ದು ಹೊಡೆದದ್ದು ಎಂದು ಕೇಳುತ್ತೇನೆ. ಗೊತ್ತಿರುವುದಿಲ್ಲ. ಡಬ್ಬ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಇರುತ್ತದೆ, ಇವರ ಕೈಗೆ ಬರುವುದು ನೀರಿಗೆ ಬೆರೆಸಿದ ಮೇಲೆ. ಡಾಕ್ಟರಿಗೆ ಮೊದಲು ಬೇಕಾಗುವುದು ಆ ಹೆಸರೇ. ಕೆಲವು ಕೀಟನಾಶಕಕ್ಕೆ ಅಟ್ರೋಪಿನ್ ಕೊಟ್ಟು ಜೀವ ಉಳಿಸಬಹುದು. ಕೆಲವು ಕಳೆನಾಶಕಕ್ಕೆ ವಿಷ ಇಳಿಸುವ ಅಂಥ ಔಷಧಿಯೇ ಇಲ್ಲ. ಡಬ್ಬದ ಮೇಲೆ ತ್ರಿಕೋನ ಇರುತ್ತದೆ, ಕೆಂಪು ಇದ್ದರೆ ಭಾರಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಓದಲು ಬಾರದವರಿಗೂ ತಿಳಿಯಲಿ ಎಂದೇ ಆ ಬಣ್ಣ ಹಾಕಿದ್ದು. ಡಬ್ಬವನ್ನೇ ತೋರಿಸದಿದ್ದರೆ ಬಣ್ಣ ಹಾಕಿ ಏನು ಬಂತು?

ಒಮ್ಮೆ ಒಬ್ಬ ಯರವ ಹುಡುಗ ಹೀಗೇ ಬಂದ. ಬಾಯಲ್ಲಿ ಜೊಲ್ಲು, ಕಣ್ಣು ಸಣ್ಣಗೆ. ಮಾತ್ರೆ ಕೊಡುವುದಿಲ್ಲ, ಈಗಲೇ ಆಸ್ಪತ್ರೆಗೆ ಹೋಗು ಎಂದೆ. ಅವನು ಮೊದಲು ಕೇಳಿದ್ದು "ಎಷ್ಟಾಗ್ತದೆ?" ಸರ್ಕಾರಿ ಆಸ್ಪತ್ರೆ, ಏನೂ ಆಗುವುದಿಲ್ಲ ಎಂದೆ. "ಆಟೋಗೆ?" ಎಂದ. ಆಟೋ ಹುಡುಗನೊಬ್ಬ ಬಾಡಿಗೆ ಕೇಳದೆ ಕರೆದುಕೊಂಡು ಹೋದ, ಅವನು ಉಳಿದ. ಆದರೆ ನನಗೆ ಆ ಪ್ರಶ್ನೆ ಹೊಸದಲ್ಲ. ಕಾಯಿಲೆಗಿಂತ ಮುಂಚೆ ಬಾಡಿಗೆಯ ಲೆಕ್ಕ ಹಾಕುವವರನ್ನು ದಿನಾ ನೋಡುತ್ತೇನೆ. ವಿರಾಮೊಂಟೆಸ್ ಬರೆದದ್ದು ಆ ಲೆಕ್ಕವನ್ನು. ಅದನ್ನು ಅವರಷ್ಟು ಸರಿಯಾಗಿ ಬರೆದ ವರದಿಯನ್ನು ನಾನು ಯಾವ ಪತ್ರಿಕೆಯಲ್ಲೂ ನೋಡಿಲ್ಲ, ನಿಮ್ಮದನ್ನೂ ಸೇರಿಸಿ. ಬೇಜಾರು ಮಾಡಿಕೊಳ್ಳಬೇಡಿ.

ಅಲ್ಲಿನ ಚರಿತ್ರೆಯಲ್ಲೂ ವಿಷ ಬಹಳ ಹಳೆಯದು. 1917ರಲ್ಲಿ ಎಲ್ ಪಾಸೋ ಊರಿನ ಸೇತುವೆಯ ಬಳಿ, ಮೆಕ್ಸಿಕೋ ಕಡೆಯಿಂದ ಮನೆಗೆಲಸಕ್ಕೆ ಬರುವ ಹೆಂಗಸರನ್ನು ಹೇನು ಇದೆ ಎಂದು ಬಟ್ಟೆ ಬಿಚ್ಚಿಸಿ ಪೆಟ್ರೋಲ್, ಸೀಮೆಎಣ್ಣೆ ಹಾಕಿ ತೊಳೆಯುತ್ತಿದ್ದರು. ಕಾರ್ಮೆಲಿತಾ ತೊರೆಸ್ ಎಂಬ 17 ವರ್ಷದ ಕೆಲಸದ ಹುಡುಗಿ ಆಗುವುದಿಲ್ಲ ಎಂದು ಟ್ರಾಮಿನಿಂದ ಇಳಿದು ನಿಂತಳು. ನೂರಾರು ಹೆಂಗಸರು ಸೇರಿ ಸೇತುವೆಯನ್ನೇ ತಡೆದರು. 1942ರಿಂದ 1964ರವರೆಗೆ ಬ್ರಸೇರೋ ಯೋಜನೆಯಲ್ಲಿ ಲಕ್ಷಾಂತರ ಮೆಕ್ಸಿಕನ್ ಗಂಡಸರು ಒಪ್ಪಂದದ ಕೂಲಿಗೆ ಬಂದರು. ಅವರನ್ನು ಬೆತ್ತಲೆ ನಿಲ್ಲಿಸಿ ಮುಖಕ್ಕೆ ಡಿಡಿಟಿ ಪುಡಿ ಹೊಡೆಯುವ 1956ರ ಒಂದು ಫೋಟೋ ಇದೆ. ಹೊಡೆಯುವವನ ಮುಖಕ್ಕೆ ಮುಸುಕು ಇದೆ, ಹೊಡೆಸಿಕೊಳ್ಳುವವನಿಗೆ ಇಲ್ಲ.

ಮತ್ತೆ ಬೆನ್ನು ನೋವು. ನನ್ನ ಅಂಗಡಿಯಲ್ಲಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅತಿ ಜಾಸ್ತಿ ಹೋಗುವುದು ನೋವಿನ ಮಾತ್ರೆ ಮತ್ತು ಮುಲಾಮು. ಕ್ಯಾಲಿಫೋರ್ನಿಯಾದ ಸೊಪ್ಪಿನ ಹೊಲಗಳಲ್ಲಿ ಎರಡಡಿಗಿಂತ ಉದ್ದ ಇರದ ಮೋಟು ಗುದ್ದಲಿ ಕೊಡುತ್ತಿದ್ದರಂತೆ. ದಿನವಿಡೀ ಬಗ್ಗಿಯೇ ಇರಬೇಕು. ಯಾರು ನೆಟ್ಟಗೆ ನಿಂತರೂ ದೂರದಿಂದ ಕಾಣುತ್ತದೆ, ಮೇಸ್ತ್ರಿಗೆ ಅನುಕೂಲ. 1975ರಲ್ಲಿ ಆ ಗುದ್ದಲಿಯನ್ನು ಅಲ್ಲಿ ನಿಲ್ಲಿಸಿದರು. ಸೆಸಾರ್ ಚಾವೆಸ್, ಡೊಲೊರೆಸ್ ಉವೆರ್ತಾ ಕಟ್ಟಿದ ಸಂಘದ ಹೋರಾಟವೂ ಅದರ ಹಿಂದೆ ಇತ್ತು. ಅಷ್ಟರೊಳಗೆ ಎಷ್ಟು ಬೆನ್ನು ಮುರಿದಿತ್ತೋ.

ತೊಮಾಸ್ ರಿವೆರಾ ಬಗ್ಗೆ ಲೇಖಕರು ಬರೆದಿದ್ದಾರೆ, ಆದರೆ ಗುಂಡು ಹಾರಿದಲ್ಲಿಗೆ ನಿಲ್ಲಿಸಿಬಿಟ್ಟಿದ್ದಾರೆ. ರಿವೆರಾ 1935ರಲ್ಲಿ ಟೆಕ್ಸಾಸಿನ ಕ್ರಿಸ್ಟಲ್ ಸಿಟಿಯಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಕೂಲಿಗೆ ಊರೂರು ಅಲೆದವರು, ಇವರೂ ಅವರ ಜೊತೆ ಹೊಲದಲ್ಲಿ ಕೆಲಸ ಮಾಡಿದವರು. ಭೂಮಿ ಅವನನ್ನು ನುಂಗಲಿಲ್ಲ ಎನ್ನುವ ಅರ್ಥದ ಹೆಸರಿರುವ ಅವರ ಪುಸ್ತಕ 1971ರಲ್ಲಿ ಬಂತು. ಅದರಲ್ಲಿ ಒಂದು ಪುಟ್ಟ ಕಥೆ. ಹೊಲದಲ್ಲಿ ಸುಡು ಬಿಸಿಲು. ಮಾಲೀಕ ತರುವ ನೀರು ಸಾಲುವುದಿಲ್ಲ. ಮಕ್ಕಳು ದನಗಳ ತೊಟ್ಟಿಯ ಹತ್ತಿರ ಹೋಗಿ ಕುಡಿಯಲು ಶುರು ಮಾಡುತ್ತಾರೆ. ಕೆಲಸ ಕೆಡುತ್ತದೆ ಎಂದು ಅವನಿಗೆ ಸಿಟ್ಟು. ಹೆದರಿಸೋಣ ಎಂದು ಒಂದು ಗುಂಡು ಹಾರಿಸುತ್ತಾನೆ. ಅದು ಮಗುವಿನ ತಲೆಗೆ ತಗಲುತ್ತದೆ.

ಲೇಖನ ಇಲ್ಲಿಗೆ ಮುಗಿಸಿ "ಕ್ರೌರ್ಯದ ಪರಮಾವಧಿ" ಎಂದಿದೆ. ಕಥೆ ಇನ್ನೂ ಮುಗಿದಿಲ್ಲ, ಸ್ವಾಮಿ. ಆಮೇಲೆ ಇಬ್ಬರು ಕೂಲಿಯವರು ಮಾತಾಡಿಕೊಳ್ಳುತ್ತಾರೆ. ಆ ಮಾಲೀಕನಿಗೆ ಹೆಚ್ಚುಕಮ್ಮಿ ಹುಚ್ಚೇ ಹಿಡಿಯಿತಂತೆ, ಕುಡಿತಕ್ಕೆ ಬಿದ್ದನಂತೆ, ಜಮೀನೂ ಹೋಯಿತಂತೆ. ಕೋರ್ಟಿನಲ್ಲಿ ಬಿಡುಗಡೆ ಆಯಿತು, ಆದರೂ ಸಾಯಬೇಕು ಎಂದು ಮರದಿಂದ ಬಿದ್ದನಂತೆ. ಆಗ ಇನ್ನೊಬ್ಬ ಕೇಳುತ್ತಾನೆ, ಸಾಯಲಿಲ್ಲ ತಾನೇ? ಇಲ್ಲ. ಮತ್ತೇನು ಹಾಗಾದರೆ, ಎನ್ನುವ ಧಾಟಿಯಲ್ಲಿ ಮಾತು ಸಾಗುತ್ತದೆ.

ಈ ಸಂಭಾಷಣೆ ನಾನು ಸಿದ್ದಾಪುರದಲ್ಲೇ ಕೇಳಿದ್ದೇನೆ. ಮೆಣಸು ಕೊಯ್ಲಿನ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗಿ ಕೆಲಸದವರು ಸಾಯುವ ಸುದ್ದಿ ಕೊಡಗಿನಲ್ಲಿ ಎಷ್ಟು ಸಲ ಬಂದಿಲ್ಲ? ನಿಮ್ಮ ಪತ್ರಿಕೆಯಲ್ಲಿ ಮೂರು ಸಾಲು. ಸತ್ತವನು ಹೊರಗಿನವನಾದರೆ ಊರಿನ ಹೆಸರು ಕೂಡ ಸರಿ ಇರುವುದಿಲ್ಲ. ಆಮೇಲೆ ಅಂಗಡಿಯ ಮುಂದೆ ಮಾತು ಶುರುವಾಗುತ್ತದೆ. "ಪಾಪ, ಸಾವ್ಕಾರ್ರಿಗೆ ಎಷ್ಟು ಖರ್ಚಾಯ್ತು ಗೊತ್ತಾ?" "ಸ್ಟೇಷನ್ನಿಗೆ ಓಡಾಡಿ ಓಡಾಡಿ ಬಿಪಿ ಜಾಸ್ತಿ ಆಗಿದೆ." ಬಿಪಿ ಜಾಸ್ತಿ ಆದದ್ದು ನಿಜ, ಮಾತ್ರೆ ಕೊಟ್ಟವಳು ನಾನೇ. ಅವರ ದುಃಖವೂ ಸುಳ್ಳಲ್ಲ. ಆದರೆ ವಾರವಿಡೀ ಆ ದುಃಖದ ಮಾತು ಕೇಳಿದ ನನಗೆ ಏಣಿ ಹತ್ತಿದವನ ಹೆಂಡತಿ ಎಲ್ಲಿಗೆ ಹೋದಳು ಎಂದು ಯಾರೂ ಹೇಳಲಿಲ್ಲ. ರಿವೆರಾ ಬರೆದದ್ದು ಕೊಲೆಯ ಕಥೆ ಎನ್ನುವುದಕ್ಕಿಂತ ಕೊಲೆಯಾದ ಮೇಲೆ ಊರು ಯಾರಿಗಾಗಿ ಮರುಗುತ್ತದೆ ಎನ್ನುವ ಕಥೆ. ಅದಕ್ಕೇ ಇಷ್ಟು ಹೇಳಿದ್ದು.

ಕಾನೂನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆರಿಕದಲ್ಲಿ 1935ರಲ್ಲಿ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿನ ಕಾಯ್ದೆ ಬಂದಾಗ ಹೊಲದ ಕೂಲಿಯವರನ್ನು ಅದರಿಂದ ಹೊರಗಿಟ್ಟರು. ನಮ್ಮಲ್ಲಿ 1951ರ ತೋಟ ಕಾರ್ಮಿಕರ ಕಾಯ್ದೆ ಬಂತು. ಮನೆ, ಕುಡಿಯುವ ನೀರು, ಮಕ್ಕಳನ್ನು ನೋಡಿಕೊಳ್ಳುವ ಜಾಗ ಎಲ್ಲ ಅದರಲ್ಲಿತ್ತು. ಆದರೆ ಅದು ಮುಟ್ಟಿದ್ದು ದೊಡ್ಡ ತೋಟಗಳನ್ನು ಮಾತ್ರ. ಐದು ಹೆಕ್ಟೇರಿಗಿಂತ ಸಣ್ಣ ತೋಟದ ಕೆಲಸದವರು ಅದರ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಮನೆಯದೂ ಅಂಥ ಸಣ್ಣ ತೋಟವೇ. ಸಣ್ಣ ಬೆಳೆಗಾರನ ಕಷ್ಟ ನನಗೆ ಗೊತ್ತಿಲ್ಲ ಎಂದು ಯಾರೂ ಪತ್ರ ಬರೆಯುವುದು ಬೇಡ.

ಹೆಂಗಸರ ವಿಷಯ. ಶೀರ್ಷಿಕೆಯಲ್ಲಿ ಚಿಕಾನಾ ಎಂದು ಹಾಕಿ, ಒಳಗೆ ಹೆಂಗಸರಿಗೆ ಎರಡು ಸಾಲು ಕೊಟ್ಟಿದ್ದೀರಿ. ಸಾಂಡ್ರಾ ಸಿಸ್ನೆರೋಸ್ ಅವರ 1991ರ 'ವುಮನ್ ಹಾಲರಿಂಗ್ ಕ್ರೀಕ್' ಕಥೆಯಲ್ಲಿ ಹೊಡೆಯುವವನು ಬಿಳಿಯ ಮಾಲೀಕನಲ್ಲ, ಗಂಡ. ಕ್ಲೆಯೋಫಿಲಾಸ್ ಮದುವೆಯಾಗಿ ಮೆಕ್ಸಿಕೋದಿಂದ ಟೆಕ್ಸಾಸಿಗೆ ಬಂದವಳು. ಭಾಷೆ ಬರುವುದಿಲ್ಲ, ಕೈಯಲ್ಲಿ ಕಾಸಿಲ್ಲ, ಅಕ್ಕಪಕ್ಕ ಇಬ್ಬರು ವಯಸ್ಸಾದ ಹೆಂಗಸರು. ಗಂಡ ಹೊರಗೆ ಯಾರ್ಯಾರ ಕೈಲಿ ಏನೇನು ಅನ್ನಿಸಿಕೊಂಡು ಬರುತ್ತಾನೋ, ಅದೆಲ್ಲ ಮನೆಯಲ್ಲಿ ಇವಳ ಮೇಲೆ ಬೀಳುತ್ತದೆ. ಎರಡನೇ ಬಸುರಿಯಲ್ಲಿ ಸ್ಕ್ಯಾನಿಂಗಿಗೆ ಹೋದಾಗ ಗ್ರಾಸಿಯೆಲಾ ಎಂಬಾಕೆ ಮೈಮೇಲಿನ ಬಾಸುಂಡೆ ನೋಡುತ್ತಾಳೆ. ತಕ್ಷಣ ಗೆಳತಿಗೆ ಫೋನ್ ಮಾಡುತ್ತಾಳೆ. ಆ ಗೆಳತಿ ತನ್ನದೇ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಬಸ್ಸಿಗೆ ಹತ್ತಿಸುತ್ತಾಳೆ. ಹೊಳೆ ದಾಟುವಾಗ ಟಾರ್ಜಾನ್ ಥರ ಒಮ್ಮೆ ಕೂಗು ಹಾಕುತ್ತಾಳೆ. ಹೆಂಗಸು ಗಾಡಿ ಓಡಿಸುವುದು, ಅದೂ ಸ್ವಂತ ದುಡ್ಡಿನ ಗಾಡಿ, ಕ್ಲೆಯೋಫಿಲಾಸಿಗೆ ನಂಬಲು ಆಗುವುದಿಲ್ಲ. ನನಗೆ ಓದುತ್ತಾ ನಗು ಬಂತು, ಇಷ್ಟವೂ ಆಯಿತು.

ಅಸ್ಸಾಮಿನಿಂದ ಬಂದ ಒಬ್ಬಳು ಹುಡುಗಿ ಊದಿದ ಕಣ್ಣಿಗೆ ಮುಲಾಮು ಕೇಳಿಕೊಂಡು ಬಂದಿದ್ದಳು. ಕೇಳಿದ್ದು ಅವಳಲ್ಲ, ಪಕ್ಕದಲ್ಲಿ ನಿಂತ ಗಂಡ. "ದೀದಿ, ಬಿದ್ದುಬಿಟ್ಟಳು" ಎಂದ. ಮುಲಾಮಿನ ಕವರಿನ ಮೇಲೆ 181 ಎಂದು ದೊಡ್ಡದಾಗಿ ಬರೆದು ಅವಳ ಕೈಗೇ ಕೊಟ್ಟೆ. ಹೆಂಗಸರ ಸಹಾಯವಾಣಿಯ ನಂಬರ್ ಅದು. ದಿನಕ್ಕೆ ಎಷ್ಟು ಸಲ ಹಚ್ಚಬೇಕು ಎಂದು ಬರೆದಿದ್ದೇನೆ ಅಂದುಕೊಂಡಿರಬೇಕು ಅವನು. ಆ ಸೀಸನ್ ಮುಗಿದ ಮೇಲೆ ಅವರು ಬೇರೆ ತೋಟಕ್ಕೆ ಹೋದರು. ಅವಳು ಕನ್ನಡದ ಒಂದು ಮಾತೂ ಆಡಿರಲಿಲ್ಲ. ಕಥೆಯ ಗ್ರಾಸಿಯೆಲಾಗೆ ಕ್ಲೆಯೋಫಿಲಾಸಳ ಭಾಷೆ ಬರುತ್ತಿತ್ತು. ನಮ್ಮ ಆಸ್ಪತ್ರೆಗಳಲ್ಲಿ ಸೀಸನ್ನಿನ ನಾಲ್ಕು ತಿಂಗಳಾದರೂ ಅಸ್ಸಾಮಿ, ಬಂಗಾಳಿ ಬಲ್ಲ ಒಬ್ಬ ಹೆಂಗಸನ್ನು ಕೂರಿಸಿದರೆ ಏನು ಕಷ್ಟ?

ಇನ್ನು ಕಾಗದ. ವಿರಾಮೊಂಟೆಸ್ ಪುಸ್ತಕಕ್ಕೆ ಆ ಹೆಸರು ಬಂದದ್ದೇ ಕಾಗದದಿಂದ. ತಾಯಿ ಪೆತ್ರಾ ಮಕ್ಕಳ ಜನನ ಪತ್ರಗಳನ್ನು ಯೇಸುವಿನ ಮೂರ್ತಿಯ ಪಾದದ ಕೆಳಗೆ ಇಟ್ಟಿರುತ್ತಾಳೆ. ಯಾರಾದರೂ ತಡೆದು ಕೇಳಿದರೆ ಅಲ್ಲಿದೆ ಎಂದು ಹೇಳು ಎಂದು ಎಸ್ತ್ರೆಯಾಗೆ ಧೈರ್ಯ ತುಂಬುತ್ತಾಳೆ. ಹುಟ್ಟಿದ ದೇಶದಲ್ಲೇ ಹೀಗೆ ಹೇಳಿಕೊಡಬೇಕಾದ ಕಾಲ ಅದು. ಸುಮ್ನೆ ಹೆದರಿಕೆ ಎನ್ನಬೇಡಿ. 1930ರ ದಶಕದಲ್ಲಿ ಕೆಲಸ ಕಮ್ಮಿಯಾದಾಗ ಲಕ್ಷಾಂತರ ಜನರನ್ನು ರೈಲು ಹತ್ತಿಸಿ ಮೆಕ್ಸಿಕೋಗೆ ಕಳಿಸಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದವರೂ ಬೇಕಾದಷ್ಟು. 2005ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನು ಮಾಡಿಯೇ ಕ್ಷಮೆ ಕೇಳಿತು. ನನ್ನ ಅಂಗಡಿಯ ಪಕ್ಕ ಒಂದು ಜೆರಾಕ್ಸ್ ಅಂಗಡಿ ಇದೆ. ಕೊಯ್ಲು ಶುರುವಾಗುವ ಹೊತ್ತಿಗೆ ಅದರ ಮುಂದೆ ಅಸ್ಸಾಮಿನ ಕಡೆಯಿಂದ ಕೆಲಸಕ್ಕೆ ಬಂದವರ ಸಾಲು. ಆಧಾರ್, ವೋಟರ್ ಕಾರ್ಡ್, ಅಪ್ಪನ ವೋಟರ್ ಕಾರ್ಡ್, ಅಜ್ಜನ ಹೆಸರಿರುವ ಯಾವುದೋ ಹಳೇ ಹಾಳೆ. ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ, ಅಂಗಿಯ ಒಳಗೆ. ಮೈತುಂಬ ಬೆವರು, ಕಾಗದ ಮಾತ್ರ ಒಣಗಿರಬೇಕು. ಇಷ್ಟಾದರೂ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅವರೆಲ್ಲ "ಬಾಂಗ್ಲಾದವರು". ಕೊಯ್ಲಿಗೆ ಜನ ಸಿಗುತ್ತಿಲ್ಲ ಎಂದು ಅಳುವ ಮೆಸೇಜೂ ಅದೇ ಗ್ರೂಪಿನಲ್ಲಿ, ಒಮ್ಮೊಮ್ಮೆ ಅದೇ ನಂಬರಿನಿಂದ.

ಈಗ ರಸ್ತೆ ಗುಂಡಿಯ ಓದುಗರಿಗೆ. ಇದು ನಮ್ಮ ಸಾಹಿತ್ಯಕ್ಕೆ ಸಂಬಂಧ ಇಲ್ಲದ ಸರಕು ಎಂದು ಅವರು ಹೇಳಿದ್ದಾರೆ. 1933ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಅವರು ಶಾಲೆಯಲ್ಲೇ ಓದಿರಬೇಕು. ಚೋಮನ ಮಕ್ಕಳು ಸಾಲ ತೀರಿಸಲು ಹೋಗುವುದು ಎಲ್ಲಿಗೆ? ಘಟ್ಟದ ಕಾಫಿ ತೋಟಕ್ಕೆ. ಒಬ್ಬ ಮಗ ಚಳಿಜ್ವರದಲ್ಲಿ ಸಾಯುತ್ತಾನೆ, ಇನ್ನೊಬ್ಬ ಮನೆಗೆ ಬರುವುದೇ ಇಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ತೀರಿದ್ದು ಅಲ್ಲಿ ಅವಳ ಮೈಯ ಲೆಕ್ಕದಲ್ಲಿ ಎಂದು ನಿಮಗೆಲ್ಲ ಗೊತ್ತು. ಅಪ್ಪನಿಗೆ ಗೊತ್ತಾಗುವುದು ತಡವಾಗಿ. ನಾವು ಆ ಕಾದಂಬರಿಯನ್ನು ಕರಾವಳಿಯ ಕಥೆ, ಜಾತಿಯ ಕಥೆ ಎಂದು ಓದಿ ಪರೀಕ್ಷೆ ಬರೆದೆವು. ಅದು ಕಾಫಿ ತೋಟದ ಕಥೆಯೂ ಹೌದು ಎಂದು ನನಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಎಸ್ತ್ರೆಯಾ ಹಾರೆ ಎತ್ತಿದ ಪುಟ ಓದುವಾಗ ನನಗೆ ನೆನಪಾದದ್ದು ಬೆಳ್ಳಿ. ಅವಳ ಕೈಗೆ ಕಾರಂತರು ಹಾರೆ ಕೊಡಲಿಲ್ಲ. 1933ರಲ್ಲಿ ಕೊಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲವೇನೋ.

ಇನ್ನೊಂದು ವ್ಯತ್ಯಾಸ ಇದೆ. ಕಾರಂತರು ದೊಡ್ಡವರು, ಆದರೆ ಚೋಮನ ಹಟ್ಟಿಯಲ್ಲಿ ಹುಟ್ಟಿದವರಲ್ಲ. ರಿವೆರಾ ಆ ಹೊಲದಿಂದಲೇ ಬಂದವರು, ಆಮೇಲೆ ಓದಿ 1979ರಲ್ಲಿ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದ ಮುಖ್ಯಸ್ಥರಾದವರು. ವಿರಾಮೊಂಟೆಸ್ ಅವರ ಅಪ್ಪ ಅಮ್ಮ ಒಬ್ಬರನ್ನೊಬ್ಬರು ನೋಡಿದ್ದೇ ಹತ್ತಿ ಬಿಡಿಸುವ ಹೊಲದಲ್ಲಿ. ಅದಕ್ಕೇ ಅವರಿಗೆ 9 ಡಾಲರ್ ಜೊತೆ 7 ಸೆಂಟೂ ನೆನಪಿರುತ್ತದೆ. ಹೊರಗಿನವರು ಬರೆಯಬಾರದೆಂದಲ್ಲ. ಆದರೆ 2020ರಲ್ಲಿ ಹೊರಗಿನವರೊಬ್ಬರು ಬರೆದ ಒಂದು ವಲಸೆಯ ಕಾದಂಬರಿಗೆ ಅಲ್ಲಿ ಪ್ರಕಾಶಕರು ಭಾರಿ ಮುಂಗಡ ಕೊಟ್ಟು ಡಂಗುರ ಹೊಡೆದಾಗ, ನಮ್ಮ ಕಥೆಗಳಿಗೆ ಯಾಕೆ ಹೀಗೆ ದುಡ್ಡು ಕೊಡುವುದಿಲ್ಲ ಎಂದು ಚಿಕಾನೋ ಬರಹಗಾರರು ಜಗಳ ತೆಗೆದರು. ಪ್ರಕಾಶಕರು ಲೇಖಕಿಯ ಪ್ರವಾಸವನ್ನೇ ರದ್ದು ಮಾಡಬೇಕಾಯಿತು. ನ್ಯಾಯವಾದ ಜಗಳ ಎಂದು ನನಗನ್ನಿಸುತ್ತದೆ. ಇದಕ್ಕೂ ಮುಂಚೆ ಅರಿಜೋನಾ ರಾಜ್ಯ 2010ರಲ್ಲಿ ಕಾನೂನು ತಂದು, ಟೂಸಾನ್ ಊರಿನ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ನರ ಪಾಠವನ್ನೇ ನಿಲ್ಲಿಸಿತ್ತು. 2012ರಲ್ಲಿ ತರಗತಿಗಳಿಂದ ಪುಸ್ತಕಗಳನ್ನು ಡಬ್ಬಕ್ಕೆ ತುಂಬಿಕೊಂಡು ಹೋದರು. ಅದರ ಹಿಂದೆ ಇದ್ದದ್ದು ಜನಾಂಗ ದ್ವೇಷ ಎಂದು ಕೋರ್ಟು ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಆ ಮಕ್ಕಳು ಶಾಲೆ ಮುಗಿಸಿ ಹೋಗಿಯಾಗಿತ್ತು.

ನಿಮ್ಮಲ್ಲಿ ಎರಡು ಕೇಳಿಕೆ. ರಿವೆರಾ ಅವರ ಆ ನೀರಿನ ಕಥೆ ಬಹಳ ಚಿಕ್ಕದು. ಅನುಮತಿ ತೆಗೆದುಕೊಂಡು ಒಳ್ಳೆಯವರಿಂದ ಕನ್ನಡಕ್ಕೆ ಮಾಡಿಸಿ ಪುರವಣಿಯಲ್ಲಿ ಪೂರ್ತಿ ಹಾಕಿ, ಕೊನೆಯ ಸಂಭಾಷಣೆ ಬಿಡದೆ. ಎರಡನೆಯದು, ಲೈನ್ ಮನೆಗಳಲ್ಲಿ, ಆದಿವಾಸಿ ಹಾಡಿಗಳಲ್ಲಿ ಬೆಳೆದು ಆಶ್ರಮ ಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರು ಈಗ ಡಿಗ್ರಿಗೆ ಬಂದಿದ್ದಾರೆ. ನನ್ನ ಅಂಗಡಿಯಲ್ಲಿ ರಜೆಗೆ ಕೆಲಸ ಮಾಡಿದ ಒಬ್ಬಳು ಯರವ ಹುಡುಗಿ ಸಂಜೆ ಕಾಫಿ ತೂಗುವಾಗ ಅವಳ ಅಮ್ಮ ತಕ್ಕಡಿಯ ಮುಳ್ಳನ್ನು ಹೇಗೆ ನೋಡುತ್ತಾಳೆ ಎಂದು ಹೇಳಿದ್ದನ್ನು ನಾನು ಬರೆಯಲಾರೆ. ಅವಳೇ ಬರೆಯಬೇಕು. ವಾರಕ್ಕೆ ಅರ್ಧ ಪುಟ ಕೊಡಿ, ಸಂಭಾವನೆ ಕೊಡಿ. ಕರುಣೆಯ ಅಂಕಣ ಬೇಡ, ಅವರು ಏನು ಬರೆದರೂ ಹಾಕಿ. ತೋಟದವರ ಜಾಹೀರಾತು ಒಂದೆರಡು ಕಮ್ಮಿಯಾಗಬಹುದು. ಅದು ಶುರುವಾದರೆ ನನ್ನ ಅಂಗಡಿಗೆ ಬರುವ ಒಂದು ಪ್ರತಿಯನ್ನು ನಾಲ್ಕು ಮಾಡಲು ಏಜೆಂಟಿಗೆ ಹೇಳುತ್ತೇನೆ.

ಹೆಸರು ಹಾಕಬೇಡಿ. ಸಣ್ಣ ಊರು, ತೋಟದವರೂ ಕೆಲಸದವರೂ ಇಬ್ಬರೂ ನನ್ನ ಗಿರಾಕಿಗಳು.

ನಿಮ್ಮ ಓದುಗರಲ್ಲಿ ಒಬ್ಬಳು,
ಸಿದ್ದಾಪುರ, ಕೊಡಗು